ಗುರುಪಾದಪ್ಪನವರ ಗಾಲಿ ವಿದ್ಯಾಪೀಠ

ಬೇರೆ ಮುಕಾದಮರು ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡರೆ ಗುರುಪಾದಪ್ಪನವರು ಖಡು ಸಿಕ್ಕಿಸಿಕೊಳ್ಳುತ್ತಿದ್ದರು, ಶಾಲೆಯ ಹಲಗೆಯ ಮೇಲೆ ಬರೆಯುವ ಅದೇ ಬಿಳಿ ಖಡು. ಬೆವರಿದಾಗ ಕೆನ್ನೆಯ ಮೇಲೆ ಬಿಳಿ ಗೆರೆಯೊಂದು ಇಳಿಯುತ್ತಿತ್ತು. ಅದನ್ನು ವಿಭೂತಿ ಎಂದು ತಿಳಿದು ಹೊಸಬರು ಕೈಮುಗಿದದ್ದೂ ಉಂಟು. ಅವರು ಬೇಡ ಎನ್ನುತ್ತಿರಲಿಲ್ಲ.

ಅರವತ್ತರ ದಶಕದ ಆರಂಭದ ಮಾತು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಾನು ಬಿದಿರಿನ ಲಾರಿ ತೂಗುವ ಕಾಟಾದ ಗುಮಾಸ್ತ, ಅವರು ಬಿದಿರು ಇಳಿಸುವ ಅಂಗಳದ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ. ಹಳಿಯಾಳದ ಕಡೆಯ ರೈತರ ಮನೆಯವರು, ಮ್ಯಾಟ್ರಿಕ್ ಆದವರು. "ಕಾಲೇಜು ಧಾರವಾಡದಾಗ, ನಾ ಹೊಲದಾಗ. ಇಬ್ಬರಿಗೂ ಕೂಡಿ ಬರಲಿಲ್ಲ ನೋಡ್ರಿ" ಎನ್ನುತ್ತಿದ್ದರು. ನಾನು ಬಿ.ಎ. ಎಂಬ ಒಂದೇ ಕಾರಣಕ್ಕೆ ನನ್ನ ಬೆನ್ನು ಬಿಡುತ್ತಿರಲಿಲ್ಲ. ಆ ಬಿ.ಎ. ಎಷ್ಟರದ್ದು ಎಂಬುದು ನನಗೆ ಗೊತ್ತಿತ್ತು, ಅವರಿಗೆ ಹೇಳುವ ಧೈರ್ಯವಿರಲಿಲ್ಲ.

ಒಂದು ದಿನ ನನ್ನ ಮೇಜಿಗೆ ಒರಗಿ ನಿಂತು ಕೇಳಿದರು: "ಕಾಗದ ಆಗೂದು ಇಲ್ಲೆ. ಅದರ ಮ್ಯಾಲೆ ಬರ್ಯೂದು ಧಾರವಾಡದಾಗ. ಓದಾವ್ರು ಎಲ್ಲೂ ಇಲ್ಲ. ಇದೇನ್ ವ್ಯವಹಾರ್ರಿ? ಬಿದಿರು ಕಾಗದ ಆಗೂತನಾ ಯಾಕ ಕಾಯಬೇಕು? ತರಾಕ ಹೋಗೂ ಲಾರಿ ಮ್ಯಾಲೇ ಬರದು ಕಳಿಸೂಣು!"

ತಮಾಷೆ ಎಂದುಕೊಂಡೆ. ಮರುದಿನವೇ ಕಾಡಿಗೆ ಹೊರಟ ಖಾಲಿ ಲಾರಿಯ ಪಕ್ಕದ ಹಲಗೆಯ ಮೇಲೆ 'ಮುಂದಿನ ಕಾಲದ ಉಚ್ಚ ಶಿಕ್ಷಣ' ಎಂಬ ಪ್ರಬಂಧ ಶುರುವಾಗಿತ್ತು. ಒಂದು ಲಾರಿಗೆ ಒಂದು ಅಧ್ಯಾಯ. ಓದುಗರೆಂದರೆ ಕುಳಗಿ, ಅಣಶಿಯಂಥ ಕಾಡೂರುಗಳ ಬಿದಿರು ಡಿಪೋ ಕಾರಕೂನರು, ಅರಣ್ಯ ಕಾವಲುಗಾರರು, ಚಹಾದಂಗಡಿಯವರು. ಅವರ ಅಭಿಪ್ರಾಯಗಳು ಅದೇ ಹಲಗೆಗಳ ಮೇಲೆ ಇದ್ದಿಲಲ್ಲಿ ಬರೆಸಿಕೊಂಡು ಬಿದಿರಿನ ಜೊತೆ ಮರಳುತ್ತಿದ್ದವು. ಮೊದಲನೆಯದು ಕುಳಗಿಯಿಂದ ಬಂತು: "ಅಕ್ಷರ ದೊಡ್ಡು ಬರೀರಿ, ನನ್ನ ಚಾಳೀಸು ಒಡದೈತಿ." ಗುರುಪಾದಪ್ಪನವರು ಅದನ್ನು ವಿದ್ವತ್ತಿನ ವಿಮರ್ಶೆ ಎಂದೇ ಸ್ವೀಕರಿಸಿ ಎರಡನೆಯ ಅಧ್ಯಾಯವನ್ನು ಮೊಳದುದ್ದದ ಅಕ್ಷರಗಳಲ್ಲಿ ಬರೆದರು. ಪಾಪ, ಅದರಲ್ಲಿ ಹಿಡಿದದ್ದು ಒಂದೇ ವಾಕ್ಯ.

ಆದರೆ ಶಾಸ್ತ್ರ ಅವರಿಗೆ ಕೈಕೊಟ್ಟಿತು. ಕ್ರಮ ತಪ್ಪಬಾರದೆಂದು ಅವರು ಎದುರಾಳಿಯ ವಾದವನ್ನು ಮೊದಲು ಮಂಡಿಸಿ ಆಮೇಲೆ ಖಂಡಿಸಿದ್ದರು. ಕಾಲೇಜಿಗೆ ಭವ್ಯ ಕಟ್ಟಡ ಬೇಕು ಎಂಬ ಪೂರ್ವಪಕ್ಷದ ಲಾರಿ ಕುಳಗಿಗೆ ಹೋಯಿತು. ಕಟ್ಟಡವೇ ಬೇಡ ಎಂಬ ಸಿದ್ಧಾಂತದ ಲಾರಿ ಅಣಶಿಗೆ ಹೋಯಿತು. ಕುಳಗಿಯವರು ಕಟ್ಟಡಕ್ಕೆ ಜಾಗ ನೋಡಿ, ಒಂದು ದಿನ ಬಿದಿರಿನ ಕೆಳಗೆ ಪಾಯದ ಕಲ್ಲುಗಳನ್ನೇ ಹೇರಿ ಕಳಿಸಿದರು. ನನ್ನ ಕಾಟಾ ಹುಚ್ಚು ಹಿಡಿದಂತೆ ಭಾರ ತೋರಿಸಿತು. "ಪೂರ್ವಪಕ್ಷಾನ ಸಿದ್ಧಾಂತ ಅಂತ ತಿಳ್ಕೊಂಡಾರಲ್ರೀ!" ಎಂದು ಗುರುಪಾದಪ್ಪನವರು ಆ ಕಲ್ಲಿನ ಮೇಲೆಯೇ ಕುಸಿದು ಕೂತರು. ಇಡೀ ಪ್ರಬಂಧವನ್ನು ಬಲ್ಲವನೊಬ್ಬ ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂಬ ಆಸೆ ಅವರನ್ನು ಕಾಡತೊಡಗಿದ್ದು ಅಂದಿನಿಂದ.

ಅಷ್ಟರಲ್ಲಿ ಊರಿಗೆ ಭಾಷಣಕ್ಕೆಂದು ಧಾರವಾಡದ ಕಡೆಯ ಪ್ರಾಧ್ಯಾಪಕರೊಬ್ಬರು ಬಂದರು. ಗುರುಪಾದಪ್ಪನವರು ಅವರನ್ನು ಹೇಗೆ ಒಪ್ಪಿಸಿದರೋ, ಮರುದಿನ ಮುಂಜಾನೆ ಅಂಗಳಕ್ಕೆ ಕರೆತಂದೇಬಿಟ್ಟರು. ಲಾರಿಗಳು ಅಧ್ಯಾಯದ ಪ್ರಕಾರ ಒಂದರ ಹಿಂದೊಂದು ನಿಂತಿದ್ದವು. ಬಿದಿರು ಇಳಿಸುವ ಕೆಲಸ ನಿಂತು ಕಾರ್ಖಾನೆಯೊಳಗಿನವರು ಬೊಬ್ಬೆ ಹೊಡೆಯುತ್ತಿದ್ದರು. ಪ್ರಾಧ್ಯಾಪಕರು ಕೈ ಹಿಂದೆ ಕಟ್ಟಿಕೊಂಡು ಓದುತ್ತ ನಡೆದರು. ಕೊನೆಗೆ ನಿಂತು ಕೇಳಿದರು: "ತೀರ್ಮಾನ ಎಲ್ಲಿ?"

"ಅಣಶಿಯಿಂದ ಬರಾಕತ್ತೈತ್ರಿ."

ಅವರು ಬಿದಿರಿನ ಹೊರೆಯ ಮೇಲೆ ಕೂತು ಕಾದರು. ಧೂಳೆಬ್ಬಿಸುತ್ತ ಲಾರಿ ಬಂತು. 'ಆದ್ದರಿಂದ ಮುಂದಿನ ವಿದ್ಯಾಪೀಠಕ್ಕೆ ಗೋಡೆ ಬೇಡ, ಗಾಲಿ ಬೇಕು' ಎಂದು ಗುರುಪಾದಪ್ಪನವರು ಬರೆದದ್ದನ್ನು ಯಾರೋ ಪೂರ್ತಿ ಒರೆಸಿದ್ದರು. ಅಲ್ಲಿ ಇದ್ದಿಲಲ್ಲಿ ಹೀಗಿತ್ತು: 'ಲಾರಿ ನಿಲ್ಲದಿದ್ದರೆ ಓದುವುದು ಹೇಗೆ?'

ಪ್ರಾಧ್ಯಾಪಕರು ಎದ್ದು ನಿಂತರು. "ಆಹಾ! ಎಂಥ ಪ್ರಶ್ನೆಯಿಂದ ಮುಗಿಸಿದ್ದೀರಿ! ನಮ್ಮ ವಿದ್ಯಾಪೀಠದ ಪತ್ರಿಕೆಯಲ್ಲಿ ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ."

ಹೂಂ ಅನ್ನಿ ಎಂದು ನಾನು ಗುರುಪಾದಪ್ಪನವರನ್ನು ಮೊಣಕೈಯಿಂದ ತಿವಿದೆ.

"ಆ ಮಾತು ನಂದಲ್ರಿ" ಎಂದರು. "ನಂದು ಅಳಿಸಿ ಮತ್ಯಾರೋ ಬರದಾರ."

"ಯಾರು?"

"ಗೊತ್ತಿಲ್ರಿ. ಅಣಶಿಯಾಗಿನವರು."

ಹೆಸರಿಲ್ಲದವರ ಮಾತನ್ನು ಅಚ್ಚು ಹಾಕಲು ಬರುವುದಿಲ್ಲ, ಅದನ್ನು ತೆಗೆದರೆ ಉಳಿದದ್ದಕ್ಕೆ ಅರ್ಥವಿಲ್ಲ ಎಂದು ಪ್ರಾಧ್ಯಾಪಕರು ಬೇಸರದಿಂದ ಬಸ್ಸು ಹಿಡಿದರು. ಲಾರಿಗಳ ಮೇಲೆ ಇನ್ನು ಯಾರೂ ಏನೂ ಬರೆಯಕೂಡದು ಎಂದು ಸಂಜೆಯೊಳಗೆ ಕಾರ್ಖಾನೆಯ ಸಾಹೇಬರ ಹುಕುಂ ಬಂತು. ನನಗಂತೂ ಗುರುಪಾದಪ್ಪನವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮರುದಿನ ಅವರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು.

"ಅಣಶಿಗೆ ಹೋಗಿ ಬರ್ತೇನ್ರಿ."

"ಹೆಸರು ಕೇಳಾಕೇನ್ರಿ?"

"ಹೆಸರು ತಗೊಂಡು ಏನ್ ಮಾಡೂದೈತ್ರಿ? ಇಷ್ಟು ದಿವ್ಸ ಬರದೇನಿ. ಕಡೀತನಾ ಓದಿ ಜಗಳಾ ತಗದಾಂವ ಅವನೊಬ್ನ. ಅವನ ಮಾರಿ ನೋಡಬೇಕು."

ಖಾಲಿ ಲಾರಿಯಲ್ಲಿ ಡ್ರೈವರನ ಪಕ್ಕ ಮದುಮಗನ ಹಾಗೆ ನೆಟ್ಟಗೆ ಕೂತು ಹೋದರು.

ಎರಡು ಮೂರು ದಿನ ಕಳೆದ ಮೇಲೆ ಅಣಶಿಯ ಲಾರಿಯೊಂದು ಕಾಟಾ ಏರಿತು. ಹಲಗೆಯ ಮೇಲೆ ಹುಕುಮಿಗೆ ಸೊಪ್ಪು ಹಾಕದ ಅವರ ಕೈಬರಹ: 'ಸಿಕ್ಕಾರ. ವಾದ ಮುಗದಿಲ್ಲ. ನನ್ನ ರಜಾ ಹಾಕ್ರಿ.'

ಹಾಕಿದೆ. ಅವರು ಬರಲಿಲ್ಲ. ಡಿಪೋದ ಹತ್ತಿರ ಗುರುಪಾದಪ್ಪನವರು ಕನ್ನಡದಲ್ಲೂ ಇನ್ನೊಬ್ಬರು ಕೊಂಕಣಿಯಲ್ಲೂ ದಿನವಿಡೀ ಜಗಳಾಡುತ್ತಾರೆ, ಊಟ ಮಾತ್ರ ಕೂಡಿಯೇ ಮಾಡುತ್ತಾರೆ ಎಂದು ಡ್ರೈವರುಗಳು ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ದಾಂಡೇಲಿಯಲ್ಲಿ ಇದ್ದಷ್ಟು ದಿನವೂ ಅಣಶಿಯ ಲಾರಿ ಬಂತೆಂದರೆ ತೂಕ ನೋಡುವ ಮೊದಲು ಹೊರಗೆ ಹೋಗಿ ಅದರ ಎರಡೂ ಮಗ್ಗುಲು ನೋಡಿ ಬರುತ್ತಿದ್ದೆ.