ಅಡಿಪಟ್ಟಿಯಲ್ಲಿ ಅಳೆದ ಪ್ರೋಗ್ರಾಮು

ಖಾಸೀಮಸಾಬರು ಯಾವುದೇ ಪ್ರೋಗ್ರಾಮನ್ನು ಓದುವ ಮೊದಲು ಅಳೆಯುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಬಣ್ಣದ ಕಲೆಗಳು ಹತ್ತಿದ ಆರಿಂಚಿನ ಕಟ್ಟಿಗೆಯ ಅಡಿಪಟ್ಟಿ ಸದಾ ಇರುತ್ತಿತ್ತು. ಅದನ್ನು ಕಂಪ್ಯೂಟರಿನ ಪರದೆಗೆ ಅಡ್ಡಲಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ತಲೆಯಾಡಿಸುತ್ತಿದ್ದರು. ಆ ತಲೆಯಾಟದ ಅರ್ಥ ಏನೆಂಬುದು ತಿಳಿಯುವವರೆಗೆ ನನಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ.

ಸಿಂದಗಿಯ ನಮ್ಮ ಪದವಿ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಅವರು ಸಹಾಯಕರಾಗಿದ್ದರು. ಬೀಗ ತೆಗೆಯುವುದು, ಯುಪಿಎಸ್ ಹಚ್ಚುವುದು, ಪ್ರಿಂಟರಿಗೆ ಹಾಳೆ ಕೊಡುವುದು ಅವರ ಕೆಲಸ. ಅದಕ್ಕೂ ಮೊದಲು ಅವರು ಇಂಡಿಯಲ್ಲಿ ಬಸ್ಸುಗಳ ಊರಫಲಕ ಬರೆಯುತ್ತಿದ್ದರು. ಯಂತ್ರದಲ್ಲಿ ಅಚ್ಚಾದ ಫಲಕಗಳು ಬಂದ ಮೇಲೆ ಕುಂಚ ತೊಳೆದಿಟ್ಟು ನಮ್ಮಲ್ಲಿಗೆ ಬಂದರು. ಅವರು ಓದಿದ್ದು ಏಳನೆಯ ತರಗತಿ. ಪೈಥಾನ್ ಭಾಷೆಯನ್ನು ಅವರು ಕಲಿತದ್ದು ನಾವು ತಪ್ಪು ಮಾಡಿ ಬಿಸಾಡಿದ ಹಾಳೆಗಳ ಹಿಂದುಮುಂದು ಓದಿ. ಇಲ್ಲಿ ನಾನು ಸಾಬರು ಎಂದು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಎದುರಿನಲ್ಲಿ ಮಾಮಾ ಎನ್ನುತ್ತಿದ್ದೆ. ಯಾವುದು ಸರಿಯೆಂದು ಈಗಲೂ ಖಚಿತವಿಲ್ಲ.

ಊರಫಲಕದ ಮಾತು ಬಂದರೆ ಅವರ ಮುಖ ಅರಳುತ್ತಿತ್ತು. "ಇಂಡಿ ಬರಿಯೂದು ಸಣ್ಣ ಹುಡುಗ್ರ ಕೆಲಸ. ಮುದ್ದೇಬಿಹಾಳ ಜರಾ ತ್ರಾಸ. ಬಸವನ ಬಾಗೇವಾಡಿ ಬಂದ್ರ ಫಳಿ ಸಾಲಂಗಿಲ್ಲ. ಅವಾಗ ಬ ಬರದು ಒಂದು ಚುಕ್ಕಿ ಇಟ್ಟು ಬಾಗೇವಾಡಿ ಅಂತ ಬರದ್ನಿ. ಯಾರರ ಬ್ಯಾರೆ ಊರಿಗೆ ಹೋದ್ರೇನು? ಮಂದಿಗೆ ತಿಳಿಯೂವಷ್ಟು ಬರಿ, ಉಳಿದದ್ದು ತಗಿ." ಪ್ರೋಗ್ರಾಮಿಗೂ ಅವರದು ಇದೇ ನಿಯಮವಾಗಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಒಬ್ಬರೇ ಆಡುವ ಒಂದು ಇಸ್ಪೀಟ್ ಆಟ. ಐವತ್ತೆರಡು ಎಲೆಗಳನ್ನು ಕಲಸಿ, ನಾಲ್ಕು ನಾಲ್ಕರಂತೆ ಹದಿಮೂರು ಮನೆಗಳಲ್ಲಿ ಬೋರಲು ಇಡಬೇಕು. ಹದಿಮೂರನೆಯ ಮನೆಯಿಂದ ಒಂದು ಎಲೆ ತೆಗೆಯಬೇಕು. ಅದು ಐದು ಆಗಿದ್ದರೆ ಐದನೆಯ ಮನೆಗೆ ಹೋಗಿ ಅಲ್ಲಿಯ ಎಲೆ ತೆಗೆಯಬೇಕು, ಅದು ಒಂಬತ್ತಾಗಿದ್ದರೆ ಒಂಬತ್ತನೆಯ ಮನೆಗೆ. ಗುಲಾಮ ಹನ್ನೊಂದು, ರಾಣಿ ಹನ್ನೆರಡು; ರಾಜ ಬಂದರೆ ಮತ್ತೆ ಹದಿಮೂರನೆಯ ಮನೆಗೆ. ನಾಲ್ಕನೆಯ ರಾಜ ಬಂದೊಡನೆ ಆಟ ಮುಗಿಯಿತು. ಅಷ್ಟರಲ್ಲಿ ಎಲೆಗಳೆಲ್ಲ ತೆರೆದಿದ್ದರೆ ಗೆಲುವು. ಕಂಪ್ಯೂಟರು ಇದನ್ನು ಸಾವಿರ ಸಲ ಆಡಿ, ಎಷ್ಟು ಸಲ ಗೆದ್ದೆನೆಂದು ಹೇಳಬೇಕು.

ನಾನು ನಾಲ್ಕು ಪುಟ ಬರೆದಿದ್ದೆ. ಎಲೆ ಒಂದಾದರೆ ಏನು ಮಾಡಬೇಕು, ಎರಡಾದರೆ ಏನು ಮಾಡಬೇಕು ಎಂದು ಹದಿಮೂರು ಪ್ರಶ್ನೆಗಳು, ಹದಿಮೂರು ಉತ್ತರಗಳು. ಖಾಸೀಮಸಾಬರು ಅಡಿಪಟ್ಟಿ ಹಿಡಿದರು. ಅದನ್ನು ಮೇಲಿನಿಂದ ಕೆಳಗೆ ನಾಲ್ಕಾರು ಸಲ ಎತ್ತಿಡಬೇಕಾಯಿತು.

"ಯವ್ವಾ, ಇಷ್ಟು ದೊಡ್ಡ ಬೋರ್ಡು ಯಾವ ಬಸ್ಸಿಗೆ ಕಟ್ಟಾಕಿ?"

ಅಷ್ಟರಲ್ಲಿ ವಿದ್ಯುತ್ತು ಹೋಯಿತು, ಹಳೆಯ ಯುಪಿಎಸ್ಸೂ ಆರಿತು. ಅವರು ಮೇಜಿನ ಖಾನೆಯಿಂದ ಮಾಸಿದ ಇಸ್ಪೀಟ್ ಕಟ್ಟು ತೆಗೆದು, ಯುಪಿಎಸ್ಸಿನ ತಗಡಿನ ಮೇಲೆ ಹದಿಮೂರು ಮನೆಗಳನ್ನು ಹಾಕಿದರು. ಕಟ್ಟಿನಲ್ಲಿ ಕಳೆದುಹೋಗಿದ್ದ ಒಬ್ಬ ರಾಜನ ಬದಲಿಗೆ, ಹಳೆಯ ಫಲಕದ ರಟ್ಟನ್ನು ಕತ್ತರಿಸಿ, ಹಳದಿ ಬಣ್ಣದಲ್ಲಿ 'ಬಾ' ಎಂದು ಬರೆದು ಸೇರಿಸಿದ್ದರು. ಬಾದಶಾ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

"ನೋಡಿಲ್ಲೆ. ಎಲಿ ತಗದ್ನಿ. ಏಳು ಬಂತು. ಇದು ಏನೈತಿ?"

"ಏಳರ ಎಲೆ, ಮಾಮಾ."

"ಎಲಿ ಅಲ್ಲವಾ, ಇದು ಬೋರ್ಡು. ಏಳ್ನೇ ಊರಿಗೆ ಹೊಂಟೇನಿ ಅಂತ ಅದರ ಮ್ಯಾಲೆ ಬರದೈತಿ. ಬೋರ್ಡು ನೋಡಿ ಬಸ್ ಹತ್ತೂದು ಬಿಟ್ಟು, ನೀ ಏನು ಡ್ರೈವರನ್ನ ಹದಿಮೂರು ಸಲ ಕೇಳ್ತೀ? ಇಂಡಿಗೆ ಹೋಗ್ತೈತೇನ್ರಿ, ಸಿಂದಗಿಗೆ ಹೋಗ್ತೈತೇನ್ರಿ ಅಂತ? ಒದರಿಬಿಡ್ತಾನ ನಿನಗ."

ಎಲೆಯೇ ವಿಳಾಸ. ಮನೆಯಿಂದ ಎಲೆ ತೆಗೆ, ಎಲೆಯ ಮೇಲಿನ ಸಂಖ್ಯೆಯ ಮನೆಗೆ ಹೋಗು, ಮನೆ ಖಾಲಿಯಾಗುವವರೆಗೆ ಇದನ್ನೇ ಮಾಡು. ನನ್ನ ಹದಿಮೂರು ಪ್ರಶ್ನೆಗಳು ಒಂದೇ ಸಾಲಾದವು.

"ಆಟ ನಿಲ್ಲದೇ ಹೋದರೆ, ಮಾಮಾ?" ಎಂದು ಕೇಳಿದೆ. ನನ್ನ ಪ್ರೋಗ್ರಾಮು ಪರೀಕ್ಷಕರ ಎದುರು ನಿಲ್ಲದೆ ತಿರುಗುತ್ತಲೇ ಇರುವುದನ್ನು ಆಗಲೇ ಕಲ್ಪಿಸಿಕೊಂಡಿದ್ದೆ.

"ನಾಕ್ನೇ ಬಾದಶಾ ಬಂದ ಮ್ಯಾಲೆ ಎಲ್ಲಿಗೆ ಹೊಕ್ಕೈತಿ? ಅವನ ಮನಿ ಖಾಲಿ. ಅದಾ ನಿಂದರತೈತಿ. ನಿಂದರು ಅಂತ ಬರಿಯೂದು ಬ್ಯಾಡ. ನೀನೂ ಒಂದೀಟು ನಿಂದರು, ಉಸಿರು ತಗೋ."

ವಿದ್ಯುತ್ತು ಬಂದ ಮೇಲೆ ಅವರು ಹೇಳಿದಂತೆ ಬರೆದೆ. ಎಲ್ಲ ಸೇರಿ ಆರು ಸಾಲು. ಅಡಿಪಟ್ಟಿಯಲ್ಲಿ ಎರಡು ಇಂಚು. ಸಾವಿರ ಆಟಗಳಲ್ಲಿ ಎಪ್ಪತ್ತೇಳರ ಆಸುಪಾಸು ಗೆಲುವು ಬಂದಿತು, ಲೆಕ್ಕದ ಪ್ರಕಾರ ಬರಬೇಕಾದಷ್ಟೇ.

ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಮೋರಟಗಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ನನ್ನ ಪ್ರಯೋಗದ ಪುಸ್ತಕವನ್ನು ಅಂಗೈಯಲ್ಲಿ ತೂಗಿ ನೋಡಿ, "ವಜ್ಜ ಐತಿ. ಚಲೋ ಓದಾಕತ್ತಿ," ಎನ್ನುತ್ತಿದ್ದರು. ಎರಡಿಂಚಿನ ಓದನ್ನು ಅವರ ಅಂಗೈ ನಂಬುವುದೇ? ಪರೀಕ್ಷಕರು ನಂಬುವರೇ? ಈ ಪ್ರಾಜೆಕ್ಟಿನಲ್ಲಿ ಅನುತ್ತೀರ್ಣಳಾದರೆ ಪದವಿಯೇ ಇಲ್ಲ. ಆರು ಸಾಲಿನದನ್ನೇ ವರದಿಯಲ್ಲಿ ಸೇರಿಸಿದೆನಾದರೂ ನಾಲ್ಕು ಪುಟಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಇದ್ದೆ.

ವರದಿಯ ಮೊದಲ ಹಾಳೆ ಕೃತಜ್ಞತೆಯದು. ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ಎಲ್ಲರ ಹೆಸರನ್ನೂ ಅವರವರ ಪದವಿಗಳೊಡನೆ ಬರೆದು, ಕೊನೆಗೆ ಖಾಸೀಮಸಾಬರ ಹೆಸರನ್ನೂ ಬರೆದು ಅಚ್ಚು ಹಾಕಿಸಿದೆ. ಅವರ ಹೆಸರಿನ ಮುಂದೆ ಬರೆಯಲು ಯಾವ ಪದವಿಯೂ ಇರಲಿಲ್ಲ. ಆ ಖಾಲಿ ಜಾಗ ರಾತ್ರಿಯೆಲ್ಲ ಕಾಡಿತು. ಸಹಾಯಕನಿಂದ ಬರೆಸಿಕೊಂಡಳೆಂದು ಪರೀಕ್ಷಕರು ಅಂದರೆ? ಮರುದಿನ ಆ ಸಾಲನ್ನು ಅಳಿಸಿ ಮತ್ತೆ ಅಚ್ಚು ಹಾಕಿಸಿದೆ. ಎರಡೂ ಸಲ ಪ್ರಿಂಟರಿಗೆ ಹಾಳೆ ಕೊಟ್ಟವರು ಅವರೇ. ಬಂದ ಹಾಳೆಯನ್ನು ಎರಡೂ ಸಲ ಅಂಚು ಸರಿಮಾಡಿ ನನ್ನ ಕೈಗಿತ್ತರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಆರು ಸಾಲುಗಳನ್ನು ನೋಡಿ, "ಇಷ್ಟಾ ಏನು?" ಎಂದರು. ನನ್ನ ಕೈ ಚೀಲದ ಕಡೆಗೆ ಹೋಯಿತು. ಅವರು ಪ್ರೋಗ್ರಾಮನ್ನು ಎರಡು ಸಲ ಓಡಿಸಿದರು. ಎರಡೂ ಸಲ ಅದು ನಿಂತಿತು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಎಲಿನಾ ಮುಂದಿನ ಮನಿ ವಿಳಾಸ. ಭಾಳ ಚಂದ ಐತಿ ಇದು. ಯಾರು ಹೇಳಿಕೊಟ್ರು ನಿಮಗ?"

ಖಾಸೀಮಸಾಬರು ಯುಪಿಎಸ್ಸಿನ ಪಕ್ಕದಲ್ಲಿ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಪರೀಕ್ಷೆಯ ನಡುವೆ ವಿದ್ಯುತ್ತು ಹೋಗಿ ನನ್ನ ಆಟ ಕೆಡಬಾರದೆಂದು ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ. ನಮ್ಮ ನಡುವೆ ಇದ್ದದ್ದು ಮೂರು ಹೆಜ್ಜೆ.

"ಯಾರೂ ಇಲ್ಲ, ಸರ್. ನಾನೇ ಸ್ವತಃ ಯೋಚಿಸಿ ಬರೆದಿದ್ದೇನೆ," ಎಂದೆ.

ನನಗೆ ಆ ವರ್ಷದ ಅತಿ ಹೆಚ್ಚಿನ ಅಂಕಗಳು ಬಂದವು.

ಹೊರಗೆ ಪಡಸಾಲೆಯಲ್ಲಿ ಅವರು ಎದುರಾದರು. ನಾನು ಬಾಯಿ ತೆರೆಯುವ ಮೊದಲೇ, "ಹೆಸರು ತಗದದ್ದು ಚಲೋನ ಆತು, ತಂಗಿ. ಒಂದಾ ಪುಟದಾಗ ಕುಂತಿತು ನೋಡು," ಎಂದರು. ನಕ್ಕರು. ಅದು ಅವರ ಎಂದಿನ ತಮಾಷೆಯೋ, ನೋವೋ, ನನಗೆ ತಿಳಿಯಲಿಲ್ಲ. ಅವರ ಮಾತಿನಲ್ಲಿ ಬೇಡದ್ದು ಏನೂ ಇರುತ್ತಿರಲಿಲ್ಲವಾದ್ದರಿಂದ ಹುಡುಕಲು ಜಾಗವೇ ಇರಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಎರಡು ವರ್ಷಗಳ ನಂತರ, ಸಿಂದಗಿಯ ಬಸ್ ನಿಲ್ದಾಣದಲ್ಲಿ. ನಾನಾಗ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವರು ಕೆಲಸ ಬಿಟ್ಟು ತಮ್ಮ ಊರಾದ ಇಂಗಳೇಶ್ವರಕ್ಕೆ ಹೊರಟು, ಬಾಗೇವಾಡಿಯ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದರು. ಬಹಳ ಸೊರಗಿದ್ದರು. ಜೇಬಿನಲ್ಲಿ ಅಡಿಪಟ್ಟಿ ಇತ್ತು.

ಕ್ಷಮೆಯ ಮಾತನ್ನು ನಾನು ಎರಡು ವರ್ಷಗಳಿಂದ ಸಿದ್ಧಪಡಿಸಿಟ್ಟಿದ್ದೆ. ಕಿಟಕಿಯ ಸರಳು ಹಿಡಿದು ಶುರುಮಾಡಿದೆ: "ಮಾಮಾ, ಆ ದಿನ ಮೌಖಿಕ ಪರೀಕ್ಷೆಯ ಸಂದರ್ಭದಲ್ಲಿ ನಾನು ಯಾವ ಮನಃಸ್ಥಿತಿಯಲ್ಲಿದ್ದೆನೆಂದರೆ, ನನ್ನ ಮನೆಯ ಪರಿಸ್ಥಿತಿ ತಮಗೆ ತಿಳಿದೇ ಇದೆ..."

ಕಂಡಕ್ಟರ್ ಸೀಟಿ ಊದಿದ.

"ಸಣ್ಣ ಮಾಡಿ ಹೇಳವಾ," ಎಂದರು ಖಾಸೀಮಸಾಬರು. "ಗಾಡಿ ಬಿಡ್ತೈತಿ."

ನನ್ನ ವಾಕ್ಯವನ್ನು ಎಲ್ಲಿ ಕತ್ತರಿಸಬೇಕೆಂದು ತೋಚಲಿಲ್ಲ. ಬಸ್ಸು ಅಲುಗಾಡಿತು. ಬಾಯಿಗೆ ಬಂದದ್ದು, "ಹುಷಾರಾಗಿ ಹೋಗ್ರಿ," ಎಂಬುದಷ್ಟೇ. ಅವರು ತಲೆಯಾಡಿಸಿದರು, ಪರದೆಗೆ ಅಡಿಪಟ್ಟಿ ಹಿಡಿದ ಮೇಲೆ ಆಡಿಸುತ್ತಿದ್ದಂತೆ. ಬಸ್ಸು ತಿರುಗಿದಾಗ ಅದರ ಹಣೆಯ ಮೇಲೆ ಬ, ಚುಕ್ಕಿ, ಬಾಗೇವಾಡಿ ಎಂದಿತ್ತು.

ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರೆಂದು ಕಾಲೇಜಿನವರಿಂದ ತಿಳಿಯಿತು.

ಆ ಪರೀಕ್ಷಕರ ಪ್ರಶ್ನೆಗೆ ಈಗ ಉತ್ತರ ಬರೆದಿದ್ದೇನೆ. ಹಲವು ಸಲ ಬರೆದು, ಬೇಡದ್ದನ್ನೆಲ್ಲ ತೆಗೆದ ಮೇಲೆ ಉಳಿದದ್ದು ಇಷ್ಟು: "ಇವರು ಕಲಿಸಿದರು, ಸರ್." ನನ್ನದೇ ಒಂದು ಅಡಿಪಟ್ಟಿ ಇಟ್ಟು ನೋಡಿದೆ. ಒಂದೂವರೆ ಇಂಚು.