ಎರಡು ತಟ್ಟಿದರೆ ರೈಟ್

ಆ ಕಂಡಕ್ಟರನ ಗಂಟಲು ಎಂಥದ್ದಾಗಿತ್ತು ಅನ್ನುವುದನ್ನು ಅವನ ಬಸ್ಸಿನಲ್ಲಿ ಓಡಾಡಿದವರನ್ನೇ ಕೇಳಬೇಕು. ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು "ಒಳಗೆ ಹೋಗ್ರೀ ಒಳಗೆ! ಮುಂದೆ ಆಟದ ಮೈದಾನದಷ್ಟು ಜಾಗ ಬಿದ್ದಿದೆ!" ಅಂತ ಒಂದು ಕೂಗು ಹಾಕಿದರೆ ಸಾಕು, ಉಸಿರಾಡಲು ಜಾಗವಿಲ್ಲದೆ ನಿಂತವರೂ ನಗುತ್ತಾ ಇನ್ನೊಂದು ಹೆಜ್ಜೆ ಸರಿಯುತ್ತಿದ್ದರು. ಇಪ್ಪತ್ತೇಳು ವರ್ಷ ಅದೇ ಮಾರ್ಗ, ಅದೇ ಡ್ರೈವರು. ಬಸ್ಸಿನ ತಗಡನ್ನು ಅಂಗೈಯಿಂದ ಒಂದು ಸಲ ತಟ್ಟಿದರೆ ನಿಲ್ಲಿಸು ಅಂತ, ಎರಡು ಸಲ ತಟ್ಟಿದರೆ ರೈಟ್, ಹೊರಡು ಅಂತ. ಡ್ರೈವರು ಕನ್ನಡಿ ಕೂಡ ನೋಡುತ್ತಿರಲಿಲ್ಲ, ಆ ಕೈಯನ್ನು ಅಷ್ಟು ನಂಬಿದ್ದ.

ಮನೆಯಲ್ಲಿ ಅವನಿಗೆ ಸಿಕ್ಕ ಜೋಡಿಯೂ ಏನು ಕಡಿಮೆಯಲ್ಲ. ಹೆಂಡತಿ ಅಂಗಡಿಯೊಂದಕ್ಕೆ ಶಾಲೆಯ ಯೂನಿಫಾರ್ಮ್ ಹೊಲಿದುಕೊಡುತ್ತಿದ್ದಳು. ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ಏರಿದ್ದು ಮತ್ತೆ ಇಳಿಯಲೇ ಇಲ್ಲ. ಮಕ್ಕಳಿರಲಿಲ್ಲ, ಇಬ್ಬರೇ ಹತ್ತು ಜನರ ಗಲಾಟೆ ಮಾಡುತ್ತಿದ್ದರು. ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ, ಸರಿಯಾಗಿದ್ದರೆ ಯಾಕೆ ಹೊಗಳಲಿಲ್ಲ ಅಂತ ಜಗಳ. ಕೆಳಗಿನ ಮನೆಯವರು ಮೊದಮೊದಲು ಬಿಡಿಸಲು ಓಡಿ ಬರುತ್ತಿದ್ದರು, ಆಮೇಲೆ ಕಿವಿಗೊಟ್ಟು ನಗುವುದನ್ನು ಕಲಿತರು.

ಹಾಳಾದ ಕಾಯಿಲೆಗೆ ಬೇರೆಲ್ಲೂ ಜಾಗ ಸಿಗಲಿಲ್ಲ ನೋಡಿ, ಆ ಗಂಟಲಿಗೇ ಬಂತು. ಧ್ವನಿಪೆಟ್ಟಿಗೆ ತೆಗೆದುಬಿಟ್ಟರೆ ಜೀವ ಉಳಿದೀತು ಅಂದರು ಡಾಕ್ಟರು. ತೆಗೆದರು. ಉಸಿರಾಡಲು ಕತ್ತಿನಲ್ಲೊಂದು ತೂತು ಬಂತು, ಬರೆದು ತೋರಿಸಲು ಕೈಗೊಂದು ಸ್ಲೇಟು ಬಂತು. ಕೆಲಸ ಹೋಯಿತು. ನೀರು ಬೇಕಾದರೂ ಮೇಜು ತಟ್ಟಬೇಕು. ಅವಳು ಹಳೆಯ ರೂಢಿಯಂತೆ ಕೆಲವು ದಿನ ಜಗಳ ತೆಗೆದಳು. ಅವನು ಉತ್ತರ ಬರೆದು ಸ್ಲೇಟು ಎತ್ತಿ ಹಿಡಿಯುವಷ್ಟರಲ್ಲಿ ಅವಳ ಸಿಟ್ಟು ಇಳಿದು ಅಳು ಬಂದಿರುತ್ತಿತ್ತು. ಕೊನೆಗೆ ಅವಳೂ ಬಾಯಿ ಮುಚ್ಚಿಕೊಂಡಳು. ಮೆಷಿನ್ನಿನ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದೇ ಇಲ್ಲವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅವನು "ಒಂದು ನಾಯಿ ತರೋಣ" ಅಂತ ಬರೆದು ಅವಳ ಮುಖದ ಮುಂದೆ ಹಿಡಿದ.

"ನಾಯೀನಾ? ತಲೆ ನೆಟ್ಟಗಿದೆಯಾ ನಿಮಗೆ? ಚಿಕ್ಕೋಳಿದ್ದಾಗ ಕಚ್ಚಿಸಿಕೊಂಡು ಇಷ್ಟಗಲ ಗಾಯ ಆಗಿತ್ತು ನನಗೆ. ಬೇಡ ಅಂದ್ರೆ ಬೇಡ!"

ಅವನು ಅಳಿಸಿ ಮತ್ತೆ ಬರೆದ: "ನಿನಗೆ ಮಾತಾಡೋಕೆ."

ಅವಳು ಸ್ಲೇಟನ್ನು ಇನ್ನೊಂದು ಸಲ ಓದಿದಳು. ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟಳು.

ಅನಾಥ ನಾಯಿಗಳ ಶೆಲ್ಟರ್ ಇದ್ದದ್ದು ಊರಿನ ಆಚೆ ತುದಿಯಲ್ಲಿ, ತಂತಿ ಬಲೆಯ ಗೂಡುಗಳ ಎರಡು ಸಾಲು. ನಾಯಿಗಳೆಲ್ಲ ಬಲೆಗೆ ಕಾಲು ಕೊಟ್ಟು ಬೊಗಳುತ್ತಿದ್ದರೆ ಕೊನೆಯ ಗೂಡಿನಲ್ಲೊಂದು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿತ್ತು. ಅದರ ಮೈ ಒಂದು ಜಾತಿಯದು, ಕಿವಿ ಇನ್ನೊಂದು ಜಾತಿಯದು, ಬಾಲ ಯಾರಿಂದಲೋ ಕಡ ತಂದದ್ದು. ಅವನು ಅಲ್ಲೇ ನಿಂತ.

"ಅದು ಬೇಡ ಸಾರ್," ಅಂದಳು ನೋಡಿಕೊಳ್ಳುವ ಹೆಂಗಸು. "ಎರಡು ಮನೆಯವರು ಕರ್ಕೊಂಡು ಹೋಗಿ ವಾಪಸ್ ತಂದುಬಿಟ್ರು. ಕರೆದರೆ ಬರೋದಿಲ್ಲ. ಯಾರೋ ಪಾಪಿ ಕರೆದು ಕರೆದು ಹೊಡೆದಿರಬೇಕು, ಮನುಷ್ಯರು ದನಿ ಎತ್ತಿದ್ರೆ ಸಾಕು, ಇದ್ದಲ್ಲೇ ಮುದುಡಿಕೊಳ್ಳುತ್ತೆ."

ಕಂಡಕ್ಟರು ತನ್ನ ಕತ್ತಿನ ತೂತನ್ನು ತೋರಿಸಿ, ಎಷ್ಟೋ ತಿಂಗಳ ಮೇಲೆ ಹಲ್ಲು ಬಿಟ್ಟು ನಕ್ಕ. "ನಾನು ಕರೆಯೋದೇ ಇಲ್ಲ" ಅಂತ ಬರೆದ.

"ಅಯ್ಯೋ ದೇವರೇ! ನಾನು ಮಾತಾಡೋಕೆ ಅಂತ ಬಂದು, ಮಾತು ಕೇಳಿದ್ರೆ ನಡುಗೋ ನಾಯೀನ ಆರಿಸ್ತಿದೀರಲ್ಲ!" ಅಂತ ಹೆಂಡತಿ ಕೂಗಿದಳು. ನಾಯಿ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು.

ಮನೆಗೆ ಬಂದದ್ದೇ ಮಂಚದ ಕೆಳಗೆ ಸೇರಿತು. ಅವನು ತನ್ನ ಹಳೆಯ ಖಾಕಿ ಅಂಗಿಯನ್ನು ಮಡಿಸಿ ಒಳಗೆ ತಳ್ಳಿದ, ಊಟದ ತಟ್ಟೆಯನ್ನು ಒಂದು ಮಾರು ದೂರವಿಟ್ಟ, ನೆಲದ ಮೇಲೆ ಕೂತು ಅಂಗೈಯಿಂದ ಎರಡು ಸಲ ತಟ್ಟಿದ. ಸುಮ್ಮನೆ ಕಾದ. ಮತ್ತೆ ತಟ್ಟಿದ. ಮೂರನೆಯ ದಿನ ಒಂದು ಮೂಗು ಹೊರಗೆ ಬಂತು, ಐದನೆಯ ದಿನ ಪೂರ್ತಿ ನಾಯಿ. ತಿಂಗಳು ಕಳೆಯುವಷ್ಟರಲ್ಲಿ ಎರಡು ತಟ್ಟಿದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು, ಒಂದು ತಟ್ಟಿದರೆ ಮೆಟ್ಟಿಲ ನಡುವೆಯೂ ಕಾಲೆತ್ತಿದ್ದು ಎತ್ತಿದ ಹಾಗೇ ನಿಲ್ಲುತ್ತಿತ್ತು. ಇಳಿಯುವ ಜಾಗ ಗೊತ್ತಿಲ್ಲದ ಪ್ಯಾಸೆಂಜರ್ ಇದು ಅಂತ ಅವಳು ಹಂಗಿಸಿದಳು. ಅದೇ ಹೆಸರಾಗಿ ನಿಂತಿತು.

ಪ್ಯಾಸೆಂಜರಿಗಾಗಿ ಅವಳು ದನಿ ಇಳಿಸಬೇಕಾಯಿತು. ನನ್ನ ಮನೇಲಿ ನಾನೇ ಪಿಸುಗುಡಬೇಕಾ ಅಂತ ಗೊಣಗಿದಳು, ಆದರೆ ಗೊಣಗಿದ್ದೂ ಪಿಸುದನಿಯಲ್ಲೇ. ಕೆಳಗಿನ ಮನೆಯಾಕೆ ಮೇಲೆ ಬಂದು "ಏನ್ರೀ, ಹುಷಾರಿಲ್ವಾ? ಸದ್ದೇ ಇಲ್ಲ!" ಅಂತ ವಿಚಾರಿಸಿಕೊಂಡು ಹೋದಳು. ಗುಂಡಿ ಹೊಲಿಯುತ್ತಾ ಅವಳು ಮೆಲ್ಲಗೆ ಏನಾದರೂ ಹೇಳತೊಡಗಿದರೆ ಮಂಚದ ಕೆಳಗೆ ಒಂದು ಕಿವಿ ನೆಟ್ಟಗಾಗುತ್ತಿತ್ತು. ಆದರೆ ಅವಳ ಹತ್ತಿರ ಮಾತ್ರ ಅದು ಬರಲಿಲ್ಲ. ಊಟ ಹಾಕುವವಳು ಅವಳು, ಬಾಲ ಅಲ್ಲಾಡುವುದು ಅವನಿಗೆ. ಅವಳಿಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ.

ವರ್ಷ ತುಂಬುವ ಮೊದಲೇ ಕಾಯಿಲೆ ಮತ್ತೆ ಬಂತು. ಈ ಸಲ ತೆಗೆಯಲು ಏನೂ ಉಳಿದಿರಲಿಲ್ಲ. ಡಾಕ್ಟರು ಅವನಿಗೆ ಹೇಳಿದ್ದನ್ನು ಅವನು ಅವಳಿಗೆ ಬರೆದು ತೋರಿಸಲಿಲ್ಲ, ಅವಳೂ ಕೇಳಲಿಲ್ಲ; ಇಬ್ಬರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಅವನು ಅವಳನ್ನು ನೆಲದ ಮೇಲೆ ಕೂರಿಸಿಕೊಂಡು ಅವಳ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದ. ಸ್ಲೇಟಿನಲ್ಲಿ ಬರೆದಿದ್ದ: "ತಟ್ಟೋದು ಕಲಿ."

"ನಾನ್ಯಾಕೆ ಕಲೀಲಿ? ತಟ್ಟೋಕೆ ನೀವಿದೀರಲ್ಲ."

"ನಾನು ಇಲ್ಲದಾಗ?"

ಅವಳು ಸ್ಲೇಟು ಕಿತ್ತುಕೊಂಡು ಅಂಗೈಯಿಂದಲೇ ಉಜ್ಜಿ ಉಜ್ಜಿ ಅಳಿಸಿದಳು. "ಒಂದು ನಾಯಿಗೋಸ್ಕರ ಇಂಥ ಮಾತು ಬರೀಬೇಡಿ!" ಅಂದಳು. ನೆಲ ತಟ್ಟುವುದೇನು ಮಹಾ ವಿದ್ಯೆಯೇ? ತಟ್ಟಿಬಿಟ್ಟರೆ ಅವನು ಹೋಗುವುದಕ್ಕೆ ತಾನೂ ಹೂಂ ಅಂದಂತೆ ಅಂತ ಅವಳಿಗೆ ಅನ್ನಿಸಿತ್ತು. ಆಮೇಲೆಯೂ ನಾಲ್ಕೈದು ಸಲ ಅವನು ಅವಳ ಕೈ ಹಿಡಿದ. ಅವಳು ಕೈ ಬಿಡಿಸಿಕೊಂಡಳು.

ಆಸ್ಪತ್ರೆ ಸೇರಿದ ಮೂರನೆಯ ದಿನ ಸಂಜೆ ಅವನು ಕಿಟಕಿಯ ಕಡೆ ನೋಡಿದ. ಬಿಸಿಲು ಇಳಿಯುತ್ತಿತ್ತು, ಪ್ಯಾಸೆಂಜರಿಗೆ ಊಟದ ಹೊತ್ತು. ಹಿಂದಿನ ಎರಡು ದಿನವೂ ಅವಳೇ ಈ ಹೊತ್ತಿಗೆ ಹೋಗಿ ಹಾಕಿ ಬಂದಿದ್ದಳು. ಸ್ಲೇಟು ಹಿಡಿಯುವ ಶಕ್ತಿ ಇರಲಿಲ್ಲ. ಮಂಚದ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ಎರಡು ಸಲ ತಟ್ಟಿದ.

"ಈಗಲೂ ಅದರದ್ದೇ ಚಿಂತೆನಾ?" ಅವಳಿಗೆ ಎಲ್ಲಿತ್ತೋ ಸಿಟ್ಟು. "ಮೂರು ದಿನದಿಂದ ನಾನು ಅನ್ನ ನೀರು ಬಿಟ್ಟು ಕೂತಿದೀನಿ. ನನ್ನ ಊಟ ಆಯ್ತಾ ಅಂತ ಒಂದು ಸಲ ತಟ್ಟಿದ್ರಾ?"

ಅವನು ಅವಳ ಮುಖ ನೋಡುತ್ತಾ ಮತ್ತೆ ಎರಡು ತಟ್ಟಿದ.

"ಆಯ್ತಪ್ಪಾ, ಹೋಗ್ತೀನಿ! ಹೋಗ್ತೀನಿ!" ಅಂತ ಧಡಕ್ಕನೆ ಎದ್ದು, ತಿರುಗಿ ಕೂಡ ನೋಡದೆ ಹೋದಳು. ಊಟ ಹಾಕಿ, ತಟ್ಟೆ ತೊಳೆದು, ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ನರ್ಸು ಅವಳಿಗಾಗಿಯೇ ಕಾಯುತ್ತಾ ನಿಂತಿದ್ದಳು.

ಅಂತ್ಯಕ್ರಿಯೆ ಮುಗಿದ ಮೇಲೆ ಒಂದು ದಿನ ಡ್ರೈವರು ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಅಣ್ಣಾ, ಒಂದು ಕೇಳ್ತೀನಿ," ಅಂದಳು ಅವಳು. "ಕೊನೇಲಿ ಎರಡು ತಟ್ಟಿದ್ರು. ನಾಯಿಗೆ ಊಟ ಹಾಕು ಹೋಗು ಅಂದ್ರೋ, ಇಲ್ಲಾ ನಾನು ಹೊರಟೆ ಅಂದ್ರೋ?"

ಡ್ರೈವರು ತನಗೆ ಗೊತ್ತಿದ್ದಷ್ಟು ಹೇಳಿದ. "ಅವನು ಎರಡು ತಟ್ಟುತ್ತಿದ್ದದ್ದು ಎಲ್ಲರೂ ಹತ್ತಿ ಆದ್ಮೇಲೇ ಅಮ್ಮಾ. ಇಪ್ಪತ್ತೇಳು ವರ್ಷದಲ್ಲಿ ಒಬ್ಬರನ್ನೂ ಕೆಳಗೆ ಬಿಟ್ಟು ರೈಟ್ ಕೊಟ್ಟೋನಲ್ಲ."

"ನಾನು ಕೆಳಗೇ ಇದ್ನಲ್ಲಣ್ಣಾ," ಅಂದಳು ಅವಳು.

ಡ್ರೈವರು ಟೋಪಿಯಿಂದ ಮುಖ ಮುಚ್ಚಿಕೊಂಡ.

ಪ್ಯಾಸೆಂಜರು ಬಾಗಿಲ ಬಳಿಯಿಂದ ಕದಲಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ತಲೆ ಎತ್ತುವುದು, ಮತ್ತೆ ಇಳಿಸುವುದು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಒಣಗುತ್ತಿತ್ತು. ಅವಳಿಗೆ ಅದರ ಮುಖ ನೋಡಲಾಗುತ್ತಿರಲಿಲ್ಲ. ಈ ನಾಯಿಗೆ ಊಟ ಹಾಕಲು ಬಂದಿರದಿದ್ದರೆ ಆ ಹೊತ್ತಿನಲ್ಲಿ ತಾನು ಮಂಚದ ಪಕ್ಕದಲ್ಲಿರುತ್ತಿದ್ದೆ, ಅವನ ಕೈ ತನ್ನ ಕೈಯಲ್ಲಿರುತ್ತಿತ್ತು. ಆ ಲೆಕ್ಕಾಚಾರದಿಂದ ಅವಳು ಎಷ್ಟು ಸಲ ತಪ್ಪಿಸಿಕೊಂಡು ಹೋದರೂ ಮತ್ತೆ ಅಲ್ಲಿಗೇ ಬಂದು ಬೀಳುತ್ತಿದ್ದಳು. ಎಂಟನೆಯ ದಿನ ಶೆಲ್ಟರಿಗೆ ಫೋನ್ ಮಾಡಿದಳು.

"ಮೂರನೇ ಸಲ ವಾಪಸ್ ಬಂದ್ರೆ ಮತ್ತೆ ಯಾರೂ ತಗೊಳ್ಳಲ್ಲ ಅಮ್ಮಾ," ಅಂದಳು ಆ ಹೆಂಗಸು. "ಇರೋವಷ್ಟು ದಿನ ಇಲ್ಲೇ ಗೋಡೆ ನೋಡ್ಕೊಂಡು ಇರುತ್ತೆ. ಯೋಚನೆ ಮಾಡಿ."

"ಮಾಡಿ ಆಯ್ತು. ತರ್ತೀನಿ."

ಮರುದಿನ ಬೆಳಿಗ್ಗೆ ನಾಯಿಯ ಕತ್ತಿಗೆ ಪಟ್ಟಿ ಕಟ್ಟಿ ಎಳೆದರೆ ತಲೆ ತಗ್ಗಿಸಿಕೊಂಡು ಹಿಂದೆಯೇ ಬಂತು. ದೊಡ್ಡ ರಸ್ತೆಗೆ ಬಂದಾಗ ಸ್ಟಾಪಿನಲ್ಲಿ ಬಸ್ಸೊಂದು ನಿಂತು ಜನರನ್ನು ತುಂಬಿಕೊಳ್ಳುತ್ತಿತ್ತು. ಸ್ಟಾಪು ಅಂದರೆ ಒಂದು ಬೆಂಚು, ನಾಲ್ಕು ಕಂಬ, ಹಿಂದಕ್ಕೊಂದು ತಗಡಿನ ಗೋಡೆ. ಕೊನೆಯವನು ಹತ್ತಿದ. ಯಾರೋ ಹೊಸ ಕಂಡಕ್ಟರು ಬಾಗಿಲಿಂದ ಕೈ ಹೊರಗೆ ಹಾಕಿ ಬಸ್ಸಿನ ಮೈಯನ್ನು ತಟ್ಟಿದ. ಧಪ್, ಧಪ್.

ಪ್ಯಾಸೆಂಜರಿನ ಕಿವಿ ಎರಡೂ ನೆಟ್ಟಗಾದವು. ಎಂಟು ದಿನದಿಂದ ಜೋತುಬಿದ್ದಿದ್ದ ಬಾಲ ಎದ್ದಿತು. ಅವಳು ಬಿಗಿ ಹಿಡಿಯುವ ಮೊದಲೇ ಪಟ್ಟಿ ಕೈಯಿಂದ ಜಾರಿತ್ತು. ನಾಯಿ ಹೊರಟ ಬಸ್ಸಿನ ಹಿಂದೆ ರಸ್ತೆಗಿಳಿದು ಓಡಿತು. ಪಕ್ಕದ ರಸ್ತೆಯಿಂದ ಲಾರಿಯೊಂದು ತಿರುಗಿ ಬರುತ್ತಿತ್ತು.

ಕೂಗು ಅವಳ ಗಂಟಲಿಗೆ ಬಂದೇಬಿಟ್ಟಿತ್ತು. ಕೂಗಿದ್ದರೆ ಅದು ನಡುರಸ್ತೆಯಲ್ಲಿ, ಲಾರಿಯ ದಾರಿಯಲ್ಲೇ ಮುದುಡಿ ಕೂತುಬಿಡುತ್ತಿತ್ತು. ಅವಳು ತುಟಿ ಕಚ್ಚಿ ಹಿಡಿದು, ತಗಡಿನ ಗೋಡೆಗೆ ಅಂಗೈಯಿಂದ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒಂದೇ ಒಂದು ಸಲ ಹೊಡೆದಳು.

ನಾಯಿ ನಿಂತಿತು, ಮುಂದಿನ ಕಾಲೊಂದನ್ನು ಎತ್ತಿದ್ದು ಎತ್ತಿದ ಹಾಗೇ. ಲಾರಿ ಅದರ ಮೂಗಿನ ಮುಂದೆ ಹಾದುಹೋಯಿತು.

ಅವಳು ಅದೇ ತಗಡನ್ನು ಎರಡು ಸಲ ತಟ್ಟಿದಳು. ಪ್ಯಾಸೆಂಜರು ತಿರುಗಿ, ಬಾಲ ಬೀಸುತ್ತಾ ಓಡಿ ಬಂತು. ಅವಳ ಕೈಯನ್ನು ಮೂಸಿತು. ಅವಳನ್ನು ದಾಟಿ ತಗಡಿನ ಹಿಂದೆ ಹೋಗಿ ಹುಡುಕಿತು, ಬೆಂಚಿನ ಕೆಳಗೆ ಹುಡುಕಿತು, ಬೆಂಚಿನ ಮೇಲೆ ಕೂತಿದ್ದ ಮುದುಕರ ಕಾಲು ಮೂಸಿತು. ಮತ್ತೆ ಬಂದು ಅವಳ ಮುಂದೆ ನಿಂತು ಮುಖ ನೋಡಿತು.

"ನಾನೇ ಕಣೋ ತಟ್ಟಿದ್ದು," ಅಂದಳು ಪಿಸುದನಿಯಲ್ಲಿ. "ಅವರು ಇಲ್ಲ. ಇನ್ನು ಬರೋದಿಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಮನೆಯ ಕಡೆ ತಿರುಗಿದಳು.

ಮನೆಗೆ ಬಂದು ತಟ್ಟೆ ತೊಳೆದು ಹೊಸದಾಗಿ ಊಟ ಹಾಕಿದಳು. ನೆಲದ ಮೇಲೆ ಕೂತು, ಅವನು ಎಷ್ಟೋ ಸಲ ಒತ್ತಿ ಹಿಡಿದಿದ್ದ ಅಂಗೈಯನ್ನು ಎತ್ತಿ ಎರಡು ತಟ್ಟಿದಳು. ಪ್ಯಾಸೆಂಜರು ಬಂತು. ಮೊದಲು ಮೂಸಿತು, ಆಮೇಲೆ ತಿನ್ನತೊಡಗಿತು. ಅದು ಗಬಗಬ ತಿನ್ನುವುದನ್ನು ನೋಡುತ್ತಿದ್ದ ಹಾಗೇ ಅವಳಿಗೆ ಒಳಗಿನಿಂದ ಅಳು ಕಿತ್ತುಕೊಂಡು ಬಂತು. ಇಷ್ಟು ಸುಲಭದ್ದನ್ನು ಅವನ ಕಣ್ಣ ಮುಂದೆ ಒಂದೇ ಒಂದು ಸಲ ಮಾಡಿದ್ದರೆ ಅವನು ನೆಮ್ಮದಿಯಾಗಿ ಹೋಗುತ್ತಿದ್ದ! "ಅಯ್ಯೋ!" ಅಂತ ಒಂದು ಸಲ ಬಾಯಿ ತೆರೆದಳು, ಅಷ್ಟೇ. ನಾಯಿ ತಟ್ಟೆ ಬಿಟ್ಟು ಮಂಚದ ಕೆಳಗೆ ನುಗ್ಗಿತು.

"ಇಲ್ಲ, ಇಲ್ಲ... ಕೂಗಲ್ಲ ಕಣೋ, ಕೂಗಲ್ಲ," ಅಂದಳು. ಮಂಚದ ಕೆಳಗೆ ಕೈ ಚಾಚಿದಾಗ ಆ ಖಾಕಿ ಅಂಗಿ ಸಿಕ್ಕಿತು. ಅದನ್ನು ಎಳೆದು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಅತ್ತಳು. ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ ಆ ಹೆಂಗಸು ಗಂಡನಿಗಾಗಿ ಅತ್ತದ್ದು ಕೆಳಗಿನ ಮನೆಗೂ ಕೇಳಿಸಲಿಲ್ಲ. ಮೈಯೆಲ್ಲ ಕುಲುಕುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಹಾಗೆ ಅಳುತ್ತಲೇ ಎಡಗೈಯಿಂದ ನೆಲವನ್ನು ಎರಡು ಸಲ ತಟ್ಟಿದಳು.

ಸ್ವಲ್ಪ ಹೊತ್ತಿಗೆ ತಟ್ಟೆ ನೆಲಕ್ಕೆ ಉಜ್ಜುವ ಸದ್ದಾಯಿತು. ಪ್ಯಾಸೆಂಜರು ಉಳಿದದ್ದನ್ನು ತಿನ್ನುತ್ತಿತ್ತು. ಅವಳು ಇನ್ನೂ ಬಾಯಿಂದ ಅಂಗಿ ತೆಗೆದಿರಲಿಲ್ಲ.