ಒಕ್ಟಾವ್ ಬಾಯಿಬಿಟ್ಟು ಹಾಡಿದ್ದು

ನ್ಯೂ ಆರ್ಲಿಯನ್ಸಿನ ಟ್ರೆಮೆ ಕೇರಿಯಲ್ಲಿ ಯಾರೇ ಸತ್ತರೂ ಪಾದ್ರಿಗಿಂತ ಮೊದಲು ಟ್ರಂಪೆಟ್ ಊದುವ ಒಕ್ಟಾವ್ ಡೂಪ್ಲೆಸಿಗೆ ಹೇಳಿ ಕಳಿಸುತ್ತಾರೆ. ಸೋಮವಾರವಾದರೆ ಊರಿಗೆಲ್ಲ ವಾಡಿಕೆಯಾದ ಕೆಂಪು ಬೀನ್ಸಿನ ಅನ್ನ ಮುಗಿಸದೆ ಅವನು ಏಳುವವನಲ್ಲ, "ಸತ್ತೋನಿಗೇ ಅವಸರ ಇಲ್ಲ, ನಿಂಗ್ಯಾಕಪ್ಪಾ?" ಎನ್ನುತ್ತಾನೆ. ಸ್ಮಶಾನ ಮುಟ್ಟುವವರೆಗೆ ಅವನ ಟ್ರಂಪೆಟ್ ಕಲ್ಲಿಗೂ ಅಳು ತರಿಸುತ್ತದೆ. ಮಣ್ಣು ಮಾಡಿ ಹೊರಟ ಕೂಡಲೇ, ಅಲ್ಲಿಯ ರೂಢಿಯಂತೆ, "ಅತ್ತಿದ್ದು ಸಾಕು, ಕುಣೀರೋ!" ಎಂದು ಗದರಿ, ಗೊಗ್ಗರು ದನಿಯಲ್ಲಿ ಹಾಡು ಎತ್ತಿಕೊಳ್ಳುತ್ತಾನೆ, ಗಂಡನನ್ನು ಕಳೆದುಕೊಂಡವಳೂ ಕೊಡೆ ಬಿಚ್ಚಿ ಹೆಜ್ಜೆ ಹಾಕುತ್ತಾಳೆ. ಹೊಸಬರು ಅವನನ್ನು ಹುಟ್ಟು ಹಾಡುಗಾರನೆಂದೇ ತಿಳಿದಿದ್ದಾರೆ. ನಿಜವಾಗಿ, ಅರವತ್ತು ದಾಟುವವರೆಗೂ ಅವನು ಹಾಡಿದ್ದೇ ಇಲ್ಲ. "ನಿಂದು ಕಾಗೆ ಗಂಟ್ಲು, ಊದ್ಕೊಂಡಿರು ಸಾಕು" ಎಂದು ಹೆಂಡತಿ ಲಿಯೊಂಟೀನ್ ಬಾಯಿ ಮುಚ್ಚಿಸುತ್ತಿದ್ದಳು. ಅವಳು ತೀರಿಕೊಂಡ ದಿನ, ಡೋಲು ಬಡಿಯುವ ಅಲ್ಫೋನ್ಸ್ "ಇವತ್ತು ನೀನು ಊದ್ಬೇಡ, ನಾವಿದೀವಿ" ಎಂದರೂ ಕೇಳದೆ ಮೆರವಣಿಗೆಯ ಮುಂದೆ ನಿಂತ. ಅವಳನ್ನು ಮಣ್ಣು ಮಾಡಿ ಎಲ್ಲರೂ ಹೊರಟಾಗ ಕುಣಿತದ ಹಾಡಿಗೆಂದು ಟ್ರಂಪೆಟ್ ಎತ್ತಿದ. ತುಟಿ ನಡುಗಿ ಸ್ವರವೇ ಹೊರಡಲಿಲ್ಲ. ಜನವೆಲ್ಲ ನಿಂತು ಅವನನ್ನೇ ನೋಡಿತು. ಒಕ್ಟಾವ್ ಟ್ರಂಪೆಟನ್ನು ಕಂಕುಳಿಗೆ ಸಿಕ್ಕಿಸಿ, ಸಮಾಧಿಯ ಕಡೆ ತಿರುಗಿ, "ಕಿವಿ ಮುಚ್ಕೊಳ್ಳೇ" ಎಂದು ಹಾಡತೊಡಗಿದ.